ಹಲ್ಲಿನ ಸಿಮೆಂಟಿನಲ್ಲಿ ಲವಂಗದ ಪಾಲೆಷ್ಟು?



ಕಳೆದ ಕೆಲವು ತಿಂಗಳಿಂದ ಗೊಬ್ಬರಕ್ಕೋ ಮೈಲುತುತ್ತಕ್ಕೋ ಸಂಘದ ಕಚೇರಿಗೆ ಬಂದ ಸದಸ್ಯರು ಮಾತಿನ ನಡುವೆ ಒಂದು ಪ್ರಶ್ನೆ ಕೇಳುತ್ತಿದ್ದಾರೆ. ಹಲ್ಲಿನ ಡಾಕ್ಟರು ತುಂಬಿಸುವ ಸಿಮೆಂಟಿಗೆ ಈಗ ಗಿಡಗಳ ಸಾರ ಸೇರಿಸುತ್ತಾರಂತೆ, ಅದಕ್ಕೆ ಲವಂಗ ಬೇಕಂತೆ, ಮುಂದೆ ಅಡಿಕೆಯ ಚೊಗರಿಗೂ ಬೇಡಿಕೆ ಬರುತ್ತದಂತೆ, ಹೌದೇ ಎಂದು. ಲವಂಗದ ಸಸಿ ಮಾರುವವರು ಈ ಮಾತಿಗೆ ಸ್ವಲ್ಪ ಉಪ್ಪುಖಾರ ಹಚ್ಚಿ ಹೇಳುತ್ತಿದ್ದಾರೆಂದೂ ಕೇಳಿದ್ದೇವೆ. ಸುದ್ದಿ ಪೂರ್ತಿ ಸುಳ್ಳಲ್ಲ. ಆದರೆ ಅದರಲ್ಲಿ ಹಳೆಯದೆಷ್ಟು, ಹೊಸದೆಷ್ಟು, ತೋಟಗಾರನಿಗೆ ದಕ್ಕುವುದೆಷ್ಟು ಎಂಬುದನ್ನು ಬೇರೆ ಬೇರೆಯಾಗಿ ನೋಡದೆ ಗುಂಡಿ ತೋಡಿ ಸಸಿ ನೆಟ್ಟರೆ ಮುಂದೆ ಪೇಚಾಟವಾದೀತು. ಆದಕಾರಣ ಈ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ತಿಳಿಸಬಯಸುತ್ತೇವೆ.

ಮೊದಲು ಹಲ್ಲಿನ ಮಾತು. ನಾವು ಹುಳುಕು ಎನ್ನುತ್ತೇವೆ, ಆದರೆ ಅಲ್ಲಿ ಕಾಂಡಕೊರಕದಂಥ ಹುಳ ಯಾವುದೂ ಇಲ್ಲ. ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಮೊದಲಾದ ಸೂಕ್ಷ್ಮಜೀವಿಗಳು ಹಲ್ಲಿಗೆ ಅಂಟಿದ ಸಕ್ಕರೆಯನ್ನು ತಿಂದು ಹುಳಿ ಬಿಡುತ್ತವೆ. ಆ ಹುಳಿಗೆ ಹಲ್ಲಿನ ಸುಣ್ಣದಂಶ ಕರಗಿ ಕುಳಿ ಬೀಳುತ್ತದೆ. ಮೇಲಿನ ಗಟ್ಟಿ ಪದರವಾದ ಎನಾಮೆಲ್ ದಾಟಿ, ಅದರ ಕೆಳಗಿನ ಡೆಂಟಿನ್ ಎಂಬ ಪದರವನ್ನೂ ದಾಟಿ, ಒಳಗಿನ ಜೀವಂತ ತಿರುಳಿಗೆ ಕುಳಿ ಹತ್ತಿರವಾದಾಗ ರಾತ್ರಿಯೆಲ್ಲ ನಿದ್ದೆಯಿಲ್ಲದ ನೋವು. ಡಾಕ್ಟರು ಕೊಳೆತ ಭಾಗವನ್ನು ಕೊರೆದು ತೆಗೆದು ಕುಳಿ ಮುಚ್ಚುತ್ತಾರೆ. ಇಷ್ಟಕ್ಕೇ ಕೆಲಸ ಮುಗಿಯುವುದಾದರೆ ಗಿಡದ ಸಾರದ ಪ್ರಶ್ನೆಯೇ ಬರುತ್ತಿರಲಿಲ್ಲ. ತುಂಬಿಸಿದ ವಸ್ತುವಿಗೂ ಹಲ್ಲಿಗೂ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟರೂ ಸೂಕ್ಷ್ಮಜೀವಿಗಳು ಅಲ್ಲಿ ನುಸುಳುತ್ತವೆ. ಕೆಲವು ವರ್ಷಗಳಲ್ಲಿ ಸಿಮೆಂಟಿನ ಅಂಚಿನಲ್ಲೇ ಮತ್ತೆ ಹುಳುಕು ಹಿಡಿಯುತ್ತದೆ. ಆದ್ದರಿಂದ ತುಂಬಿಸುವ ವಸ್ತುವೇ ಸೂಕ್ಷ್ಮಜೀವಿಗಳನ್ನು ದೂರವಿಡುವಂತಿದ್ದರೆ ಒಳ್ಳೆಯದಲ್ಲವೇ ಎಂಬ ಯೋಚನೆ ದಂತವೈದ್ಯರಿಗೆ ಬಹಳ ಕಾಲದಿಂದ ಇದೆ.

ಈ ಯೋಚನೆಯ ಹಿರಿಯಣ್ಣನೇ ನಮ್ಮ ಲವಂಗ. ಲವಂಗದ ಎಣ್ಣೆಯಲ್ಲಿ ಮುಖ್ಯವಾಗಿರುವುದು ಯೂಜಿನಾಲ್ ಎಂಬ ಪದಾರ್ಥ. ಮೊಗ್ಗಿನ ಎಣ್ಣೆಯಲ್ಲಿ ಅದು ಸಾಮಾನ್ಯವಾಗಿ ಶೇಕಡ 70ರಿಂದ 90ರವರೆಗೆ ಇರುತ್ತದೆ. ಇದನ್ನು ಸತುವಿನ ಆಕ್ಸೈಡ್ ಎಂಬ ಬಿಳಿ ಪುಡಿಯೊಂದಿಗೆ ಅರೆದು ಹಲ್ಲಿಗೆ ತುಂಬುವ ಪದ್ಧತಿ 19ನೇ ಶತಮಾನದ ಕೊನೆಯ ಭಾಗದಿಂದ ನಡೆದುಬಂದಿದೆ. ಡಾಕ್ಟರು ಗಾಜಿನ ಹಲಗೆಯ ಮೇಲೆ ಬಿಳಿ ಪುಡಿಯನ್ನೂ ಒಂದೆರಡು ಹನಿ ಎಣ್ಣೆಯನ್ನೂ ಹಾಕಿ ಸಣ್ಣ ಅಲಗಿನಿಂದ ಮಸೆಯುವುದನ್ನು ನೋಡಿದವರು ನಮ್ಮಲ್ಲಿ ಬಹಳ ಮಂದಿ ಇರಬೇಕು. ಹಲ್ಲಿನ ಆಸ್ಪತ್ರೆಯ ಬಾಗಿಲಲ್ಲೇ ಮೂಗಿಗೆ ಬಡಿಯುವ ವಾಸನೆ ಇದರದೇ.

ಇದು ಗಟ್ಟಿಯಾಗುವ ಬಗೆಯನ್ನು ತಿಳಿದರೆ ಮುಂದಿನದೆಲ್ಲ ಸುಲಭ. ಕಾಫಿ ಗಿಡಕ್ಕೆ ನಾವು ಸಿಂಪಡಿಸುವ ಜಿಂಕ್ ಸಲ್ಫೇಟಿನಲ್ಲಿರುವುದೂ ಈ ಸತುವೇ. ಚೀಲೇಟ್ ರೂಪದ ಸತು ಎಂದು ದುಬಾರಿ ಬೆಲೆಗೆ ಮಾರುವ ಗೊಬ್ಬರವನ್ನು ಹಲವರು ಕಂಡಿದ್ದೀರಿ. ಅದರಲ್ಲಿ ಸತುವಿನ ಕಣವನ್ನು ಇನ್ನೊಂದು ಪದಾರ್ಥ ಏಡಿಯ ಕೊಂಡಿಯಂತೆ ಎರಡು ಕಡೆಯಿಂದ ಹಿಡಿದಿರುತ್ತದೆ. ಹಲ್ಲಿನಲ್ಲಿ ನಡೆಯುವುದೂ ಅದೇ. ಎರಡು ಯೂಜಿನಾಲ್ ಕಣಗಳು ಸೇರಿ ಒಂದು ಸತುವಿನ ಕಣವನ್ನು ಹಿಡಿದುಕೊಳ್ಳುತ್ತವೆ. ಹೀಗಾದ ಹರಳುಗಳು ಉಳಿದ ಪುಡಿಯನ್ನು ಸುತ್ತುವರಿದು ಗಾರೆಯಂತೆ ಬಿಗಿದುಕೊಳ್ಳುತ್ತವೆ. ಈ ಕ್ರಿಯೆ ಆರಂಭವಾಗಲು ನೀರಿನಂಶ ಬೇಕು. ಆದುದರಿಂದಲೇ ಒಣ ಗಾಜಿನ ಮೇಲೆ ಮೆದುವಾಗಿದ್ದ ಮುದ್ದೆ ಬಾಯಿಯ ತೇವ, ಬಿಸಿ ತಾಗಿದೊಡನೆ ಬೇಗ ಗಟ್ಟಿಯಾಗುತ್ತದೆ. ಬರಿಯ ಪುಡಿ ಮತ್ತು ಎಣ್ಣೆಯ ಮಿಶ್ರಣ ಪೆಡಸಾಗಿ ಒಡೆಯುವುದರಿಂದ ಪೈನ್ ಮರದ ರಾಳವನ್ನೂ ಪುಡಿಗೆ ಸೇರಿಸುತ್ತಾರೆ. ಅಂದರೆ ಒಂದೇ ಮುದ್ದೆಯಲ್ಲಿ ಎರಡು ಮರಗಳ ಉತ್ಪನ್ನ.

ಇಲ್ಲಿ ಗಮನಿಸತಕ್ಕ ಸಂಗತಿ ಏನೆಂದರೆ, ಲವಂಗದ ಎಣ್ಣೆಯನ್ನು ಈ ಸಿಮೆಂಟಿಗೆ ಔಷಧವೆಂದು ಮೇಲಿಂದ ಬೆರೆಸಿದ್ದಲ್ಲ. ಅದಿಲ್ಲದೆ ಸಿಮೆಂಟೇ ಇಲ್ಲ. ಆದರೆ ಹೀಗೆ ಕಟ್ಟಿದ ಬಂಧ ನೀರು ತಾಗಿದಲ್ಲಿ ನಿಧಾನವಾಗಿ ಸಡಿಲಿ ಸ್ವಲ್ಪಸ್ವಲ್ಪವೇ ಯೂಜಿನಾಲನ್ನು ಹೊರಬಿಡುತ್ತದೆ. ಸಿಮೆಂಟಿನ ಪಕ್ಕದಲ್ಲೇ ಅದು ಸೂಕ್ಷ್ಮಜೀವಿಗಳನ್ನು ಕೊಲ್ಲುವಷ್ಟು ಪ್ರಬಲ. ಡೆಂಟಿನ್ ಪದರದ ಮೂಲಕ ಜಿನುಗಿ ತಿರುಳನ್ನು ಮುಟ್ಟುವ ಹೊತ್ತಿಗೆ ಅದು ತೆಳುವಾಗಿ, ನೋವು ಶಮನಮಾಡುವಷ್ಟು ಮಾತ್ರ ಉಳಿದಿರುತ್ತದೆ. ಮೊಗ್ಗಿನ ಖಾರ ಮತ್ತು ತಂಪು ಎರಡೂ ಒಂದೇ ಪದಾರ್ಥದ ಗುಣ, ಪ್ರಮಾಣದಲ್ಲಷ್ಟೇ ವ್ಯತ್ಯಾಸ. ನಡುವಿನ ಪದರವೇ ಇಲ್ಲದೆ ತೆರೆದುಕೊಂಡ ತಿರುಳಿಗೆ ಇದನ್ನು ನೇರವಾಗಿ ಇಟ್ಟರೆ ತಿರುಳು ಕೆಡುತ್ತದೆ. ಹಾಗಾಗಿ ಅಂಥ ಹಲ್ಲಿಗೆ ಡಾಕ್ಟರು ಬೇರೆ ವಸ್ತು ಹುಡುಕುತ್ತಾರೆ.

ಈ ಸಿಮೆಂಟಿನ ದೋಷವೂ ಇದರ ಗುಣದಲ್ಲೇ ಅಡಗಿದೆ. ನೀರಿಗೆ ಸಡಿಲುವ ವಸ್ತು ಬಹಳ ಕಾಲ ಬಾಳುವುದಿಲ್ಲ, ಅಗಿಯುವ ಒತ್ತಡವನ್ನೂ ತಾಳುವುದಿಲ್ಲ. ಆದ್ದರಿಂದ ಇದು ಹೆಚ್ಚಾಗಿ ತಾತ್ಕಾಲಿಕ ತುಂಬುವಿಕೆಗೆ, ಇಲ್ಲವೇ ಬೇರಿನ ನಾಳ ಮುಚ್ಚುವ ಲೇಪಕ್ಕೆ ಬಳಕೆಯಾಗುತ್ತದೆ. ನಮ್ಮ ಕಡೆಯ ಕೆಲವರು ತಾತ್ಕಾಲಿಕ ಸಿಮೆಂಟು ಹಾಕಿಸಿಕೊಂಡು ನೋವು ಹೋಯಿತೆಂದು ಕೊಯ್ಲು ಮುಗಿಯುವ ತನಕ ಡಾಕ್ಟರ ಕಡೆ ತಲೆಹಾಕುವುದಿಲ್ಲ. ಅದು ಸವೆದು ಹೋಗಲೆಂದೇ ಇರುವ ಸಿಮೆಂಟು ಎಂಬುದನ್ನು ಅವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ.

ಬೇರಿನ ನಾಳದ ಮಾತು ಬಂದುದರಿಂದ ಇನ್ನೊಂದು ಮರದ ಕಥೆಯನ್ನೂ ಹೇಳಬೇಕು. ತೋಟಗಾರರಿಗೆ ಅದರಲ್ಲಿ ಲವಂಗಕ್ಕಿಂತ ಹೆಚ್ಚು ತಿಳಿಯುವುದಿದೆ. ರೂಟ್ ಕೆನಾಲ್ ಚಿಕಿತ್ಸೆಯಲ್ಲಿ ಕೆಟ್ಟ ತಿರುಳನ್ನು ತೆಗೆದ ಮೇಲೆ ಆ ಸಣ್ಣ ನಾಳಕ್ಕೆ ತುಂಬುವ ತಿಳಿಗೆಂಪು ಕಡ್ಡಿಗೆ ಗಟ್ಟಾಪರ್ಚಾ ಎಂದು ಹೆಸರು. ಇದು ಮಲಯ ದೇಶದ ಕಾಡಿನ ಒಂದು ಮರದ ಹಾಲು. ನಮ್ಮ ಸಪೋಟ, ರೆಂಜೆ ಮರಗಳೂ ಅದೇ ಕುಟುಂಬದವು. ರಬ್ಬರಿನಲ್ಲಿರುವ ಮೂಲವಸ್ತುವೇ ಇದರಲ್ಲೂ ಇದೆ, ಆದರೆ ಕೊಂಡಿಗಳು ಜೋಡಿಸಿಕೊಂಡ ರೀತಿ ಬೇರೆಯಾದ್ದರಿಂದ ಇದು ರಬ್ಬರಿನಂತೆ ಎಳೆದುಬಿಟ್ಟರೆ ಹಿಂದಕ್ಕೆ ಹೋಗುವುದಿಲ್ಲ. ಬಿಸಿಗೆ ಮೆತ್ತಗಾಗಿ ತಣಿದಾಗ ಗಟ್ಟಿಯಾಗುತ್ತದೆ. 1843ರಲ್ಲಿ ಇದರ ಮಾದರಿ ಲಂಡನ್ನು ತಲುಪಿತು. ಉಪ್ಪುನೀರಿಗೆ ಕೆಡದ ಗುಣದಿಂದ ಸಮುದ್ರದಡಿಯ ತಂತಿ ಟಪಾಲಿನ ಕೇಬಲ್ಲುಗಳಿಗೆ ಇದನ್ನೇ ಸುತ್ತಲಾರಂಭಿಸಿದರು. ಅದೇ ಕಾಲದಲ್ಲಿ ದಂತವೈದ್ಯರೂ ಕೈಗೆತ್ತಿಕೊಂಡರು. ಹಾಲು ತೆಗೆಯಲು ರಬ್ಬರಿನಂತೆ ಗೀರುವ ಬದಲು ಮರವನ್ನೇ ಕಡಿದು ಉರುಳಿಸುತ್ತಿದ್ದರು. ಕೇಬಲ್ಲಿನ ಹಸಿವಿಗೆ ಕಾಡಿನ ಮರಗಳು ಲೆಕ್ಕವಿಲ್ಲದಷ್ಟು ಹೋದವು. ಜಾವಾ ದ್ವೀಪದಲ್ಲಿ ಡಚ್ಚರು ತೋಟ ಮಾಡಿ, ಮರ ಕಡಿಯದೆ ಎಲೆಯಿಂದಲೇ ಅಂಟು ತೆಗೆಯುವ ದಾರಿ ಕಂಡುಕೊಂಡರು. ಅಷ್ಟರಲ್ಲಿ, 1933ರಲ್ಲಿ, ಪಾಲಿಥೀನ್ ಕಂಡುಹಿಡಿಯಲ್ಪಟ್ಟಿತು. ಕೇಬಲ್ಲಿನ ದೊಡ್ಡ ಗಿರಾಕಿ ಕೈಬಿಟ್ಟುಹೋಯಿತು, ಹಲ್ಲಿನ ಸಣ್ಣ ಗಿರಾಕಿ ಮಾತ್ರ ಉಳಿಯಿತು. ಆ ಕಡ್ಡಿಯಲ್ಲಿಯೂ ಮರದ ಅಂಟು ಇರುವುದು ಸುಮಾರು ಐದರಲ್ಲೊಂದು ಪಾಲು. ಬಹುಭಾಗ ಮತ್ತೆ ನಮ್ಮ ಸತುವಿನ ಆಕ್ಸೈಡೇ.

ಇನ್ನು ಲವಂಗಕ್ಕೆ ಎದುರಾಳಿಯಾಗಿ ಬಂದದ್ದು ಹಲ್ಲಿನ ಬಣ್ಣದ ಕೃತಕ ರಾಳ. ನೀಲಿ ಬೆಳಕು ಹಿಡಿದು ಗಟ್ಟಿಮಾಡುವ ಈ ಕಾಂಪೊಸಿಟ್ ಈಗ ಪೇಟೆಯ ಎಲ್ಲ ಕ್ಲಿನಿಕ್ಕುಗಳಲ್ಲಿ ಇದೆ. ಪಾದರಸ ಸೇರಿದ ಹಳೆಯ ಬೆಳ್ಳಿ ತುಂಬುವಿಕೆಯನ್ನು ಕಡಿಮೆಮಾಡುತ್ತ ಬರಬೇಕೆಂದು 2013ರ ಮಿನಮಾಟ ಒಪ್ಪಂದದಲ್ಲಿ ರಾಷ್ಟ್ರಗಳು ಒಪ್ಪಿಕೊಂಡ ಮೇಲೆ ಇದರ ಬಳಕೆಗೆ ಇನ್ನಷ್ಟು ಒತ್ತು ಸಿಕ್ಕಿದೆ. ಈ ರಾಳಕ್ಕೂ ಯೂಜಿನಾಲಿಗೂ ಆಗಿಬರುವುದಿಲ್ಲ. ರಾಳ ಗಟ್ಟಿಯಾಗುವುದು ಒಂದು ಕಣ ಇನ್ನೊಂದನ್ನು ಹಿಡಿದು ಸರಪಣಿಯಾಗಿ ಬೆಳೆಯುವುದರಿಂದ. ಯೂಜಿನಾಲ್ ಆ ಸರಪಣಿಯ ತುದಿಯನ್ನು ತಾನೇ ಹಿಡಿದು ಬೆಳವಣಿಗೆಯನ್ನು ನಿಲ್ಲಿಸಿಬಿಡುತ್ತದೆ. ಎಣ್ಣೆ, ತುಪ್ಪ ಕಮಟಾಗದಂತೆ ಲವಂಗ ತಡೆಯುವುದೂ ಇದೇ ಗುಣದಿಂದ. ಅಡಿಗೆಮನೆಯಲ್ಲಿ ಉಪಕಾರಿ, ಇಲ್ಲಿ ಅಪಕಾರಿ. ಹಾಗಾಗಿ ರಾಳ ತುಂಬುವ ಹಲ್ಲಿನಲ್ಲಿ ಲವಂಗದ ಸಿಮೆಂಟಿನ ಶೇಷ ಉಳಿಯದಂತೆ ಡಾಕ್ಟರು ಎಚ್ಚರ ವಹಿಸುತ್ತಾರೆ. ಲವಂಗದ ಬಳಕೆ ದಂತವೈದ್ಯದಲ್ಲಿ ಹೆಚ್ಚುತ್ತಿದೆ ಎಂಬ ಮಾತನ್ನು ನಾವು ನಂಬದಿರಲು ಇದೊಂದು ಕಾರಣ.

ಹೊಸ ಸುದ್ದಿ ಇರುವುದು ಬೇರೊಂದು ಸಿಮೆಂಟಿನಲ್ಲಿ. ಗ್ಲಾಸ್ ಅಯೊನೊಮರ್ ಎಂಬ ಇದನ್ನು ಇಂಗ್ಲೆಂಡಿನ ವಿಲ್ಸನ್ ಮತ್ತು ಕೆಂಟ್ ಎಂಬ ವಿಜ್ಞಾನಿಗಳು 1972ರಲ್ಲಿ ಪ್ರಕಟಪಡಿಸಿದರು. ಗಾಜಿನ ನುಣ್ಣನೆಯ ಪುಡಿಗೆ ಆಮ್ಲದ ದ್ರವ ಸೇರಿಸಿದರೆ ಗಾಜಿನಿಂದ ಸುಣ್ಣ ಮತ್ತು ಅಲ್ಯೂಮಿನಿಯಂ ಅಂಶ ಬಿಟ್ಟುಬಂದು ಆಮ್ಲದ ಉದ್ದನೆಯ ಎಳೆಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತದೆ. ಇದು ಹಲ್ಲಿಗೆ ತಾನಾಗಿಯೇ ಅಂಟಿಕೊಳ್ಳುತ್ತದೆ, ಫ್ಲೋರೈಡನ್ನೂ ಸ್ವಲ್ಪಸ್ವಲ್ಪ ಬಿಡುತ್ತದೆ. ವಿದ್ಯುತ್ತು, ಕೊರೆಯುವ ಯಂತ್ರ ಇಲ್ಲದ ಊರಿನಲ್ಲೂ ಕೈಯುಪಕರಣಗಳಿಂದ ಕೊಳೆ ತೆಗೆದು ಇದನ್ನು ತುಂಬಬಹುದು. 1980ರ ದಶಕದಲ್ಲಿ ಆಫ್ರಿಕದ ತಾಂಜಾನಿಯದಲ್ಲಿ ಆ ಪದ್ಧತಿ ಆರಂಭವಾಯಿತು. ಇದರ ಆಮ್ಲದ್ರವದಲ್ಲೂ ಒಂದು ಗಿಡದ ಗುರುತು ಇದೆ: ಮಿಶ್ರಣವನ್ನು ಕಲಸಲು ಸಾಕಷ್ಟು ಸಮಯ ಸಿಕ್ಕಿ, ಆಮೇಲೆ ಒಮ್ಮೆಲೇ ಬಿಗಿಯಲೆಂದು ಟಾರ್ಟಾರಿಕ್ ಆಮ್ಲ ಸೇರಿಸುತ್ತಾರೆ. ನಮ್ಮ ಹುಣಸೆಹಣ್ಣಿನ ಹುಳಿ ಅದೇ.

ಈ ಸಿಮೆಂಟಿನ ಕೊರತೆ ಎಂದರೆ ಬಲ ಸಾಲದು, ಸೂಕ್ಷ್ಮಜೀವಿಗಳನ್ನು ತಡೆಯುವ ಶಕ್ತಿಯೂ ಬಹಳ ದಿನ ಇರದು. ಅದಕ್ಕಾಗಿ ಗಿಡದ ಸಾರ ಸೇರಿಸಿ ನೋಡುವ ಪ್ರಯೋಗಗಳು ಹಲವು ದೇಶಗಳಲ್ಲಿ ನಡೆದಿವೆ. ಒಂದನ್ನು ಉದಾಹರಿಸಬಹುದು. ಜರ್ಮನಿಯ ಬಾನ್ ನಗರದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಿಸ್ವಾಕ್ ಎಂಬ ಹಲ್ಲುಜ್ಜುವ ಕಡ್ಡಿಯ ಗಿಡ, ಆಲಿವ್, ಅಂಜೂರ ಈ ಮೂರರ ಸಾರವನ್ನು ಮದ್ಯಸಾರದಲ್ಲಿ ತೆಗೆದು, ಸಿಮೆಂಟು ಕಲಸುವ ನೀರಿಗೆ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿದರು. ಸೂಕ್ಷ್ಮಜೀವಿಗಳ ಮೇಲಿನ ಪರಿಣಾಮ ಹೆಚ್ಚಿತು, ಸಾರದ ಪ್ರಮಾಣ ಹೆಚ್ಚಿದ್ದ ಮಿಶ್ರಣಗಳಲ್ಲಿ ಒತ್ತಡ ತಾಳುವ ಬಲವೂ ಕುಂದದೆ ಏರಿತು. ಕೇಳಲು ಹಿತವಾದ ಫಲಿತಾಂಶ. ಆದರೆ ಇದು ಪ್ರಯೋಗಶಾಲೆಯ ತಟ್ಟೆಯಲ್ಲಿ ಕಂಡದ್ದು, ಮನುಷ್ಯನ ಬಾಯಲ್ಲಿ ವರ್ಷಗಟ್ಟಲೆ ಅಗಿದು ಕಂಡದ್ದಲ್ಲ.

ತಟ್ಟೆಯಿಂದ ಬಾಯಿಗೆ ಬರುವ ದಾರಿ ಯಾಕೆ ಉದ್ದ ಎಂಬುದು ತೋಟಗಾರನಿಗೆ ಬೇಗ ಅರ್ಥವಾಗುತ್ತದೆ. ಒಂದೇ ತಳಿಯ ಕಾಫಿ, ಎರಡು ತೋಟದಿಂದ ಬಂದರೆ ಬಟ್ಟಲಿನ ರುಚಿ ಬೇರೆ. ಗಿಡದ ಸಾರವೂ ಹಾಗೆಯೇ. ಮಣ್ಣು, ಮಳೆ, ಕೊಯ್ದ ತಿಂಗಳು, ಒಣಗಿಸಿದ ರೀತಿ ಎಲ್ಲಕ್ಕೂ ತಕ್ಕಂತೆ ಬದಲಾಗುತ್ತದೆ. ಸಿಮೆಂಟು ಮಾತ್ರ ಸಾವಿರ ಹಲ್ಲಿಗೂ ಒಂದೇ ರೀತಿ ಬಿಗಿಯಬೇಕು. ಸಾರ ಕರಗಿ ಹೊರಬಂದರೆ ತಾನೇ ಸೂಕ್ಷ್ಮಜೀವಿಗೆ ತಾಗುವುದು? ಆದರೆ ಕರಗಿ ಹೊರಟ ಜಾಗದಲ್ಲಿ ಸಿಮೆಂಟು ಟೊಳ್ಳಾದೀತು. ಹೊರಬರದೆ ಒಳಗೇ ಉಳಿದರೆ ಬಲ ಉಳಿದೀತು, ಕೆಲಸ ನಡೆಯದು. ಲವಂಗ ಈ ಇಕ್ಕಟ್ಟನ್ನು ದಾಟಿದ್ದು ತಾನೇ ಸಿಮೆಂಟಿನ ಅರ್ಧಾಂಗಿಯಾದ್ದರಿಂದ, ಮತ್ತು ಶುದ್ಧ ಯೂಜಿನಾಲನ್ನು ಬೇರ್ಪಡಿಸಿ ಅಳೆದು ಬಾಟಲಿಗೆ ತುಂಬಲು ಬರುವುದರಿಂದ. ಹತ್ತಾರು ಪದಾರ್ಥ ಸೇರಿರುವ ಕಷಾಯಕ್ಕೆ ಆ ಅನುಕೂಲವಿಲ್ಲ. ಬಣ್ಣದ ತೊಂದರೆ ಬೇರೆ. ಮುಂದಿನ ಹಲ್ಲಿಗೆ ಕಂದು ಸಿಮೆಂಟು ಯಾರು ಒಪ್ಪುತ್ತಾರೆ?

ಈಗ ಸದಸ್ಯರ ಮುಖ್ಯ ಕುತೂಹಲಕ್ಕೆ ಬರೋಣ: ಅಡಿಕೆ. ಚೊಗರು ತಾಗಿದ ಬಟ್ಟೆ ಎಷ್ಟು ಒಗೆದರೂ ಬಿಳಿಯಾಗುವುದಿಲ್ಲ. ಅದರಲ್ಲಿರುವ ಒಗರು ಅಂಶ, ಅಂದರೆ ಟ್ಯಾನಿನ್, ನಾರಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಹಸಿ ತೊಗಲನ್ನು ಕೊಳೆಯದ ಚರ್ಮವಾಗಿಸುವುದೂ ಈ ಜಾತಿಯ ಒಗರುಗಳೇ. ತೊಗಲಿನ ಕೊಲಾಜೆನ್ ಎಂಬ ಎಳೆಗಳನ್ನು ಅವು ಒಂದಕ್ಕೊಂದು ಹೊಲಿದುಬಿಡುತ್ತವೆ. ಹಲ್ಲಿನ ಡೆಂಟಿನ್ ಪದರದಲ್ಲೂ ಕೊಲಾಜೆನ್ ಇದೆ. ದ್ರಾಕ್ಷಿಬೀಜದಿಂದ ತೆಗೆದ ಒಗರಿನಿಂದ ಆ ಎಳೆಗಳನ್ನು ಬಿಗಿಗೊಳಿಸಿ, ಮೇಲಿನ ರಾಳ ಭದ್ರವಾಗಿ ಕೂರುವಂತೆ ಮಾಡಬಹುದೇ ಎಂದು ಅಮೆರಿಕದ ಚಿಕಾಗೋದಲ್ಲಿ ಮತ್ತು ಇತರೆಡೆ 2000ದ ದಶಕದಿಂದ ಪ್ರಯೋಗಗಳು ನಡೆದಿವೆ. ಅಡಿಕೆಯಲ್ಲಿಯೂ ಅದೇ ಬಗೆಯ ಒಗರು ಧಾರಾಳವಾಗಿರುವುದರಿಂದ ಯಾರೋ ಎರಡನ್ನೂ ಜೋಡಿಸಿ ಸುದ್ದಿ ಮಾಡಿರಬೇಕು.

ಆದರೆ ಹಲ್ಲಿನಲ್ಲಿ ಉಪಕಾರಿಯಾಗಬಹುದಾದ ಈ ಬಿಗಿತ ಕೆನ್ನೆಯಲ್ಲಿ ಏನು ಮಾಡುತ್ತದೆ ಎಂಬುದನ್ನೂ ನಾವು ಬಚ್ಚಿಡಬಾರದು. ಬಹುಕಾಲ ಅಡಿಕೆ ಅಗಿಯುವವರ ಕೆಲವರ ಬಾಯಿ ಕ್ರಮೇಣ ಬಿಗಿದು ಎರಡು ಬೆರಳೂ ಹೋಗದಂತಾಗುವುದು ಊರಲ್ಲಿ ಕಾಣದ್ದಲ್ಲ. ಅಡಿಕೆಯ ಅರಿಕೊಲಿನ್ ಎಂಬ ಅಂಶ ಕೊಲಾಜೆನ್ ಹೆಚ್ಚು ಹುಟ್ಟುವಂತೆ ಮಾಡುತ್ತದೆ, ಒಗರು ಅದನ್ನು ಕರಗದಂತೆ ಬಿಗಿಯುತ್ತದೆ ಎಂದು ವೈದ್ಯರು ವಿವರಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೊಗೆಸೊಪ್ಪು ಸೇರದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿಟ್ಟಿದೆ. ಬೆಳೆಗಾರರಾದ ನಮಗೆ ಈ ಮಾತು ಹಿತವಲ್ಲ, ಇದರ ಬಗ್ಗೆ ನಮ್ಮಲ್ಲಿ ಬಿಸಿಬಿಸಿ ಚರ್ಚೆಯೂ ನಡೆಯುತ್ತಿದೆ. ಅದೇನೇ ಇರಲಿ, ಬಾಯೊಳಗೆ ವರ್ಷಗಟ್ಟಲೆ ಇರಬೇಕಾದ ಸಿಮೆಂಟಿಗೆ ಅಡಿಕೆಯ ಸಾರ ಸೇರಿಸಲು ತಯಾರಕರು ಮುಂದೆ ಬಂದಾರೆಂದು ನಮಗೆ ತೋರುವುದಿಲ್ಲ. ಚೊಗರಿಗೆ ಬಟ್ಟೆಯ ಬಣ್ಣದ ಕಡೆಯಿಂದ ಬೇಡಿಕೆ ಬಂದರೆ ಬರಲಿ, ಹಲ್ಲಿನ ಕಡೆಯಿಂದ ಕಾಯುವುದು ಬೇಡ.

ಕಾಫಿಯವರು ಬೇಸರಪಡುವುದು ಬೇಡ, ಅವರಿಗೂ ಒಂದು ಸುದ್ದಿ ಇದೆ. ಹಸಿಬೀಜದ ಮತ್ತು ಹುರಿದ ಬೀಜದ ಕಾಫಿ ಎರಡೂ ಮೇಲೆ ಹೇಳಿದ ಸ್ಟ್ರೆಪ್ಟೊಕಾಕಸ್ ಹಲ್ಲಿನ ವಸ್ತುವಿಗೆ ಅಂಟದಂತೆ ತಡೆಯುತ್ತವೆ ಎಂದು ಇಟಲಿಯ ಸಂಶೋಧಕರು 2002ರಲ್ಲಿ ಪ್ರಯೋಗಶಾಲೆಯಲ್ಲಿ ಕಂಡರು. ಅದರಲ್ಲಿ ನಮ್ಮ ಮನೆಗಳಂತೆ ಎರಡು ಚಮಚ ಸಕ್ಕರೆ ಇರಲಿಲ್ಲ.

ಮನೆಯಲ್ಲಿ ಲವಂಗದೆಣ್ಣೆ ಬಳಸುವವರಿಗೆ ಎರಡು ಮಾತು. ಹುಳುಕಿಗೆ ಹತ್ತಿಯಲ್ಲಿ ಅದ್ದಿ ಇಟ್ಟರೆ ನೋವು ಇಳಿಯುವುದು ನಿಜ, ಆದರೆ ಹುಳುಕು ನಿಲ್ಲುವುದಿಲ್ಲ. ಒಳಗೆ ಕೀವು ಕಟ್ಟುತ್ತಿದ್ದರೂ ತಿಳಿಯದೆ ದಿನ ಕಳೆಯುತ್ತದೆ. ಮುಖ ಊದಿ ಜ್ವರ ಬಂದರಂತೂ ಒಂದು ಗಳಿಗೆಯೂ ಕಾಯಬಾರದು. ಅಪ್ಪಟ ಎಣ್ಣೆ ವಸಡಿಗೆ, ಕೆನ್ನೆಗೆ ತಾಗಿದರೆ ಸುಟ್ಟು ಬೊಬ್ಬೆ ಬರುತ್ತದೆ. ಬಾಟಲಿ ಮಕ್ಕಳ ಕೈಗೆ ಸಿಗಲೇಬಾರದು. ಒಂದೆರಡು ಚಮಚದಷ್ಟು ಕುಡಿದ ಎಳೆಮಕ್ಕಳಿಗೆ ಯಕೃತ್ತು ಕೆಟ್ಟು ಪ್ರಾಣಕ್ಕೇ ಸಂಚಕಾರ ಬಂದ ಪ್ರಸಂಗಗಳು ವೈದ್ಯಕೀಯ ದಾಖಲೆಯಲ್ಲಿವೆ. ಡಾಕ್ಟರಲ್ಲಿಗೆ ಹೋದಾಗ ಎಣ್ಣೆ ಇಟ್ಟಿದ್ದೆನೆಂದು ಬಾಯಿಬಿಟ್ಟು ಹೇಳಬೇಕು. ರಾಳ ತುಂಬುವುದಿದ್ದರೆ ಅವರಿಗೆ ಅದು ತಿಳಿದಿರಬೇಕಾದ ವಿಷಯ.

ಕೊನೆಗೆ ಲೆಕ್ಕ. ಕಚೇರಿಯಲ್ಲಿ ಕುಳಿತು ನಾವು ಹಾಕಿದ ಸ್ಥೂಲ ಲೆಕ್ಕ ಇದು. ಒಂದು ಕಿಲೋ ಒಣ ಲವಂಗದಲ್ಲಿ ಕಡಿಮೆಯೆಂದರೂ 150 ಗ್ರಾಂ ಎಣ್ಣೆ. ಅದರಲ್ಲಿ ಯೂಜಿನಾಲ್ 120 ಗ್ರಾಂ ಎಂದಿಟ್ಟುಕೊಳ್ಳೋಣ. ಒಂದು ಹಲ್ಲಿಗೆ ಎರಡು ಹನಿ, ಹನಿಗೆ ಗ್ರಾಮಿನ ಇಪ್ಪತ್ತರಲ್ಲೊಂದು ಪಾಲು ಎಂದು ಧಾರಾಳವಾಗಿ ಹಿಡಿದರೂ ಒಂದು ಲಕ್ಷ ಹಲ್ಲಿಗೆ ಬೇಕಾಗುವುದು 10 ಕಿಲೋ ಯೂಜಿನಾಲ್. ಅಂದರೆ 83 ಕಿಲೋ ಲವಂಗ. ಬಲಿತ ಮರವೊಂದು ವರ್ಷಕ್ಕೆ 2 ಕಿಲೋ ಕೊಟ್ಟರೆ ನಲವತ್ತೆರಡು ಮರದಲ್ಲಿ ಲಕ್ಷ ಹಲ್ಲಿನ ಕೆಲಸ ಮುಗಿಯಿತು. ಅದೂ ಮೊಗ್ಗಿನಿಂದ ತೆಗೆದರೆ! ವಾಸ್ತವವಾಗಿ ಯೂಜಿನಾಲನ್ನು ತೆಗೆಯುವುದು ಬಹುಮಟ್ಟಿಗೆ ಇಂಡೊನೇಶಿಯ ಮೊದಲಾದೆಡೆ ಬಟ್ಟಿಯಿಳಿಸುವ ಅಗ್ಗದ ಲವಂಗದ ಎಲೆಯ, ತೊಟ್ಟಿನ ಎಣ್ಣೆಯಿಂದ. ದಾಲ್ಚಿನ್ನಿ ಎಲೆಯ ಎಣ್ಣೆಯಲ್ಲೂ ಅದು ಹೇರಳವಾಗಿದೆ. ಎಲೆಯನ್ನು ಅಂಗೈಯಲ್ಲಿ ಹೊಸಕಿ ಮೂಸಿದರೆ ಗೊತ್ತಾಗುತ್ತದೆ.

ಹಾಗೆಂದು ಲವಂಗ ನೆಡಬೇಡಿ ಎಂದು ನಾವು ಹೇಳುತ್ತಿಲ್ಲ. 1800ರ ಸುಮಾರಿಗೆ ಈಸ್ಟ್ ಇಂಡಿಯಾ ಕಂಪನಿಯವರು ಕುತ್ತಾಲದ ತೋಟಕ್ಕೆ ತಂದ ಈ ಮರ ನಮ್ಮ ದಕ್ಷಿಣ ಕನ್ನಡದಲ್ಲೂ ಬೆಳೆಯುತ್ತಿದೆ. ನೆರಳು, ತಂಪು, ನೀರು ನಿಲ್ಲದ ಮಣ್ಣು ಇರುವ ಅಡಿಕೆ ತೋಟದ ನಡುವೆ ಹೊಂದಿಕೊಳ್ಳುತ್ತದೆ. ದೇಶಕ್ಕೆ ಬೇಕಾದ ಲವಂಗದಲ್ಲಿ ಬಹುಪಾಲು ಮಡಗಾಸ್ಕರ್, ಶ್ರೀಲಂಕಾ ಮೊದಲಾದ ಕಡೆಗಳಿಂದ ಬರುತ್ತಿರುವುದರಿಂದ ಸಾಂಬಾರಪೇಟೆಯಲ್ಲಿ ಗಿರಾಕಿ ಇದೆ. ನೆಡುವವರು ಆ ಪೇಟೆಯ ಧಾರಣೆ ನೋಡಿ, ಮೊದಲ ಮೊಗ್ಗಿಗೆ ಏಳೆಂಟು ವರ್ಷ ಕಾಯುವ ತಾಳ್ಮೆ ಇದ್ದರೆ ನೆಡಲಿ. ಈಗಾಗಲೇ ಮರ ಇರುವವರು ಮೊಗ್ಗು ಅರಳಲು ಬಿಡದೆ, ಹಸಿರು ತಿರುಗಿ ನಸುಗೆಂಪು ಬಂದೊಡನೆ ಗೊಂಚಲು ಕೀಳಬೇಕು. ಒಂದೇ ಮರದಲ್ಲಿ ಎಲ್ಲವೂ ಒಟ್ಟಿಗೆ ಬಲಿಯದ ಕಾರಣ ಹಲವು ಸಲ ಹತ್ತಬೇಕಾಗುತ್ತದೆ. ತೊಟ್ಟು ಬಿಡಿಸಿ ನಾಲ್ಕೈದು ಬಿಸಿಲು ಕೊಟ್ಟರೆ ಮೂರು ಕಿಲೋ ಹಸಿ ಮೊಗ್ಗಿಗೆ ಸುಮಾರು ಒಂದು ಕಿಲೋ ಒಣ ಲವಂಗ ಸಿಗುತ್ತದೆ. ಬಿಡಿಸಿದ ತೊಟ್ಟನ್ನು ಎಸೆಯದೆ ಬೇರೆ ಚೀಲದಲ್ಲಿಡಿ. ಅದರಲ್ಲೂ ಎಣ್ಣೆಯಿದೆ, ಮೊಗ್ಗಿನೊಂದಿಗೆ ಬೆರೆತರೆ ಮಾತ್ರ ವ್ಯಾಪಾರಿ ದರ ಮುರಿಯುತ್ತಾನೆ.